ಅತ್ತೆಯ ಚೀಟಿಯಲ್ಲಿಲ್ಲದ ಹೆಸರು

ನಮ್ಮೂರಲ್ಲಿ ಹಗ್ಗದ ಅಂಗಡಿಯವರು ಬಡವರಾಗಿದ್ದನ್ನು ಯಾರೂ ಕಂಡಿಲ್ಲ. ಹೊರಗಿನಿಂದ ಬಂದವರು ನಮ್ಮ ಮನೆಗಳ ತೊಲೆಗೆ ಅಂಟಿಕೊಂಡಿರುವ ಸೌಟು, ಚೆಂಬು, ಒನಕೆಗಳನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಮಗೆ ಅದು ಹೊಸದಲ್ಲ. ನೆನೆಯದ ವಸ್ತು ಹಗುರವಾಗುತ್ತದೆ, ಹಗುರವಾದದ್ದು ಮೇಲೇಳುತ್ತದೆ, ಅಷ್ಟೆ. ಬೆಳಿಗ್ಗೆ ಎದ್ದು ಮುಖ ತೊಳೆದು, ಈ ಒಲೆಯಿಂದ ನಮಗೆ ಇಂಥ ಉಪಕಾರವಾಯಿತು, ಈ ಬಾವಿಯಿಂದ ಇಂಥದ್ದಾಯಿತು ಎಂದು ಹೆಸರು ಹಿಡಿದು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ನಾವು ನೆನಕೆ ಅನ್ನುತ್ತೇವೆ. ಒಂದೆರಡು ದಿನ ತಪ್ಪಿದರೆ ಪರವಾಗಿಲ್ಲ. ತಿಂಗಳುಗಟ್ಟಲೆ ತಪ್ಪಿದರೆ ರುಬ್ಬುಗುಂಡು ಕೂಡ ನೆಲ ಬಿಡುತ್ತದೆ. ಆಮೇಲೆ ಏಣಿ ಹಾಕಿ, ಒಬ್ಬರನ್ನೊಬ್ಬರು ಬೈದುಕೊಂಡು, ಹಗ್ಗ ಬಿಗಿದು ಇಳಿಸಬೇಕು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಮ್ಮೂರಲ್ಲಿ ಯಾರೂ ನಗುತ್ತಾ ಹೇಳುವುದಿಲ್ಲ.

ನನ್ನ ಹೆಸರು ಸರ್ವಮಂಗಳ. ಬೀದಿಯವರಿಗೆಲ್ಲ ಮಂಗಳಕ್ಕ. ನೆನಕೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿಲ್ಲ ಎಂದು ನಾನೇ ಹೇಳಿಕೊಂಡರೆ ಜಂಬ ಅನ್ನಿಸೀತು, ಆದರೆ ಇದ್ದದ್ದು ಇದ್ದಹಾಗೆ ಹೇಳಬೇಕಲ್ಲ. ನಿನ್ನೆ ಹೇಳಿದ ಮಾತನ್ನೇ ಇವತ್ತು ಒಪ್ಪಿಸಿದರೆ ನೆನಕೆ ಅಂಟುವುದಿಲ್ಲ. ಹೊಸದೊಂದು ಕಾರಣ ಬೇಕು, ಅದೂ ನಿಜವಾದದ್ದು. ಹಳೆಯ ಒಲೆಗೆ ದಿನಾ ಹೊಸ ಕಾರಣ ಎಲ್ಲಿಂದ ತರುತ್ತೀರಿ? ಹಾಗೆ ಮಾತು ಬತ್ತಿದವರೆಲ್ಲ ನನ್ನ ಹತ್ತಿರ ಬರುತ್ತಿದ್ದರು. ಎದುರುಮನೆಯ ಜಯಶೀಲಮ್ಮ ತನ್ನ ಮಾವನವರಿಗೆಂದು ವಾರಕ್ಕೊಮ್ಮೆ ಬಂದು ಏಳು ಮಾತು ಕಟ್ಟಿಸಿಕೊಂಡು ಹೋಗುತ್ತಿದ್ದಳು. ದೇವಸ್ಥಾನದ ಅರ್ಚಕರೂ ಒಮ್ಮೆ ಹಿತ್ತಲ ಬಾಗಿಲಿನಿಂದ ಬಂದಿದ್ದರು. ಉತ್ಸವಮೂರ್ತಿ ಪೀಠ ಬಿಟ್ಟು ನಾಲ್ಕು ಬೆರಳು ಮೇಲೆದ್ದಿದೆ, ಧರ್ಮದರ್ಶಿಗಳಿಗೆ ಗೊತ್ತಾದರೆ ನನ್ನ ಗತಿ ಏನು ಎಂದು ಕಣ್ಣಲ್ಲಿ ನೀರು ತಂದುಕೊಂಡರು. ದೇವರು ಕೇಳಿದ್ದೆಲ್ಲ ಕೊಟ್ಟ ಎಂದು ದಿನಾ ಅದನ್ನೇ ಹೇಳಬೇಡಿ, ನೀವು ಕೇಳಿಕೊಂಡರೂ ಕೊಡದೆ ನಿಮ್ಮನ್ನು ಉಳಿಸಿದ್ದು ಯಾವುದು ಎಂದು ಯೋಚಿಸಿ ಎಂದೆ. ಮಾರನೆಯ ದಿನ ದೇವರು ಗಟ್ಟಿಯಾಗಿ ಕೂತಿದ್ದ. ಅರ್ಚಕರು ಅವತ್ತು ಏನು ಹೇಳಿದರೋ ನನಗೆ ಗೊತ್ತಿಲ್ಲ, ಒಂದು ಹಿಡಿ ಸಕ್ಕರೆಪೊಂಗಲು ಮಾತ್ರ ಮನೆಗೆ ಬಂತು.

ನಮ್ಮ ಮನೆಯಲ್ಲಿ ನೆನಕೆಯನ್ನು ಪಾಲು ಹಾಕಿಕೊಂಡಿದ್ದೆವು. ಮಗ ಯೋಗೀಶ ಲಗೇಜ್ ಆಟೋ ಓಡಿಸುತ್ತಾನೆ. ಆಟೋ, ಅದರ ಟಾರ್ಪಾಲು, ಅವನ ಪ್ರಾಣವಾದ ಕೇರಂ ಬೋರ್ಡು ಅವನ ಪಾಲಿಗೆ. ಮಗಳು ದಾಕ್ಷಾಯಣಿ ಶಿಶುವಿಹಾರದಲ್ಲಿ ಟೀಚರು. ಬಾವಿ, ಗೋಡೆ ಗಡಿಯಾರ, ಅವಳ ಪುಸ್ತಕಗಳು ಅವಳಿಗೆ. ನಮ್ಮ ಯಜಮಾನರು ದರ್ಜಿ. ಬಸ್‌ಸ್ಟ್ಯಾಂಡಿನ ಹಿಂದೆ ಅಂಗಡಿ. ಹೊಲಿಗೆ ಮಿಷನ್ನು, ಕತ್ತರಿ, ಇಸ್ತ್ರಿಪೆಟ್ಟಿಗೆ ಅವರದು. ಅಡಿಗೆಮನೆ, ದೇವರಮನೆ, ಇಬ್ಬರು ಮಕ್ಕಳು ನನಗೆ. ಮಿಕ್ಕಿದ್ದೆಲ್ಲ ನಮ್ಮತ್ತೆಗೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಎಲ್ಲರೂ ಅಡ್ಡಗಟ್ಟಿದಾಗ ಒಗಟು ಕಟ್ಟಿ ಒಂದು ಸಲ ಹೇಳಿದ್ದೇ ಕೊನೆ. ಹೆಸರು ಹೇಳದೆ ನೆನಕೆ ಆಗುವುದಿಲ್ಲ. ಅದಕ್ಕೇ ಗಂಡನನ್ನು ನೆನೆಯುವುದು ಅವನ ತಾಯಿಯ ಕೆಲಸ, ತಾಯಿ ಇಲ್ಲದಿದ್ದರೆ ಅಕ್ಕತಂಗಿಯರದು. ಇದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ನಡೆದುಬಂದದ್ದು.

ಜ್ಯೇಷ್ಠ ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಬಟ್ಟೆ ಒಗೆಯಲು ಕೂತಿದ್ದೆ. ಕೆಲವು ತಿಂಗಳಿಂದ ಯಜಮಾನರು ತಮ್ಮ ಅಂಗಿಗಳನ್ನು ತಾವೇ ಒಗೆದುಕೊಳ್ಳುತ್ತಿದ್ದರು, ಅವತ್ತು ಒಂದು ತಿಳಿನೀಲಿ ಅಂಗಿ ಬುಟ್ಟಿಗೆ ಸೇರಿಕೊಂಡಿತ್ತು. ಎತ್ತಿದರೆ ಕೈ ಜಗ್ಗಿತು. ನೀರಲ್ಲಿ ನೆನೆಸಿಯೂ ಇರಲಿಲ್ಲ. ಅಂಗಿಯ ಅಂಚನ್ನು ಬೆರಳಲ್ಲಿ ಸವರಿದೆ. ಒಳಗೆ ಸಾಲಾಗಿ ಏನೋ ಗಟ್ಟಿ. ಹೊಲಿಗೆ ಬಿಚ್ಚಿದರೆ ಒಂದರ ಹಿಂದೊಂದು ಕಬ್ಬಿಣದ ವಾಷರುಗಳು ಉದುರಿದವು. ಕಾಲರಿನಲ್ಲಿ, ತೋಳಿನ ಮಡಿಕೆಯಲ್ಲಿ, ಜೇಬಿನ ಅಸ್ತರಿನಲ್ಲಿ, ಎಲ್ಲೆಲ್ಲೂ. ಮನೆಯಲ್ಲಿ ಹಗುರಾದವರಿದ್ದರೆ ದರ್ಜಿಗಳ ಹತ್ತಿರ ಹೀಗೆ ಅಂಚಿಗೆ ಕಬ್ಬಿಣ ಹಾಕಿಸಿಕೊಳ್ಳುವುದು ನಮ್ಮೂರಲ್ಲಿ ಉಂಟು. ಯಾರದೋ ಅಂಗಿ ತಪ್ಪಿ ಬಂದಿದೆ ಎಂದುಕೊಂಡೆ. ಆದರೆ ಮೊಣಕೈ ಹತ್ತಿರದ ತೇಪೆ ನಾನೇ ಹಾಕಿದ್ದು.

ಅವರು ಊಟಕ್ಕೆ ಬಂದು ಜಗಲಿಯ ಮೇಲೆ ಮಲಗಿದ್ದರು. ನಿದ್ದೆ ಹತ್ತಿದ ಮೇಲೆ ಹೋಗಿ ಮೆಲ್ಲಗೆ ಅವರ ಕೈ ಎತ್ತಿ ನೋಡಿದೆ. ಒಣಗಿದ ಹೀರೇಕಾಯಿಯಷ್ಟು ಹಗುರ. ಬೆನ್ನ ಕೆಳಗೆ ಕೈ ತೂರಿಸಿದೆ, ಮೈ ಚಾಪೆಗೆ ಅರ್ಧ ತಾಗಿತ್ತು, ಅರ್ಧ ಇಲ್ಲ. ಎಚ್ಚರವಾಗಿ ಕಣ್ಣು ಬಿಟ್ಟರು. ನನ್ನ ಕೈಯಲ್ಲಿದ್ದ ವಾಷರು ಕಂಡು ಮತ್ತೆ ಕಣ್ಣು ಮುಚ್ಚಿಕೊಂಡರು. ಸಿಕ್ಕಿಬಿದ್ದ ಹುಡುಗರು ಹಾಗೆ ಮಾಡುತ್ತಾರೆ. ಎಷ್ಟು ದಿನದಿಂದ ಎಂದು ಕೇಳಿದೆ. ದೀಪಾವಳಿ ಆದಮೇಲೆ ಸ್ವಲ್ಪ ಸ್ವಲ್ಪ ಎಂದರು. ದೀಪಾವಳಿಗೆ ಹದಿನೈದು ದಿನ ಮುಂಚೆ ನಮ್ಮತ್ತೆ ತೀರಿಕೊಂಡಿದ್ದರು.

ಆಗ ನನಗೆ ಹೊಳೆಯಿತು. ಅತ್ತೆ ಹಾಸಿಗೆ ಹಿಡಿದಾಗ ಅವರ ಪಾಲಿನ ನೆನಕೆಗಳನ್ನೆಲ್ಲ ನಾನೇ ಕೇಳಿ ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದೆ. ಹನ್ನೊಂದನೆಯ ದಿನ ಪಾತ್ರೆಪಡಗ ಹಂಚಿದ ಹಾಗೆ ಆ ಚೀಟಿಯನ್ನೂ ಹಂಚಿದೆ. ತುಳಸಿಕಟ್ಟೆ ನನಗೆ, ನಿಂಬೆಗಿಡ ಮತ್ತು ಬೀಸುವ ಕಲ್ಲು ದಾಕ್ಷಾಯಣಿಗೆ, ಬೀರು ಮತ್ತು ಹಳೆಯ ಕಂದೀಲು ಯೋಗೀಶನಿಗೆ. ಒಂದು ಚಮಚೆಯೂ ಬಿಟ್ಟುಹೋಗದ ಹಾಗೆ ಹಂಚಿದ್ದೇನೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೆ. ಚೀಟಿಯಲ್ಲಿ ಅತ್ತೆಯ ಸ್ವಂತ ಮಗನ ಹೆಸರೇ ಇರಲಿಲ್ಲ. ಇರುವುದು ಹೇಗೆ? ಮಗನನ್ನು ಚೀಟಿ ನೋಡಿಕೊಂಡು ನೆನೆಯುವ ತಾಯಿ ಎಲ್ಲಿರುತ್ತಾಳೆ? ಅವರು ಬರೆಸಲಿಲ್ಲ, ನಾನು ಕೇಳಲಿಲ್ಲ. ಅಕ್ಕತಂಗಿಯರು ಯಜಮಾನರಿಗಿಲ್ಲ. ಅಮ್ಮ ಹೇಗಾದರೂ ಮಾಡಿರುತ್ತಾಳೆ ಎಂದು ಮಕ್ಕಳು, ಮಕ್ಕಳು ನೆನೆಯುತ್ತಿರುತ್ತಾರೆ ಎಂದು ನಾನು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಬೇರೆ ಇನ್ಯಾವುದಕ್ಕೆ?

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಎದ್ದು ಕೂತು ಅಂಗಿಯನ್ನು ನೋಡುತ್ತಾ ಹೇಳಿದರು.

"ನೀನು ಊರಿಗೆಲ್ಲ ಹೇಳಿಕೊಡೋಳು. ನಿನ್ನ ಗಂಡನೇ ಹಗುರ ಅಂತ ಗೊತ್ತಾದ್ರೆ ನಾಳೆಯಿಂದ ಯಾರೇ ಬರ್ತಾರೆ ನಿನ್ನ ಹತ್ರ? ಅದಕ್ಕೆ ಸುಮ್ನಿದ್ದೆ."

ನನಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಬೈದೆ. ಬೈದು ಮುಗಿಸುವ ಹೊತ್ತಿಗೆ ಆಷಾಢಕ್ಕೆ ಎಂಟೇ ದಿನ ಉಳಿದಿದೆ ಎನ್ನುವುದು ನೆನಪಾಯಿತು. ಆಷಾಢದ ಗಾಳಿ ನಮ್ಮೂರಲ್ಲಿ ಹಂಚು ಹಾರಿಸಿ ಸುಮ್ಮನಾಗುವ ಗಾಳಿಯಲ್ಲ. ಹೋದ ವರ್ಷ ಬಳೆ ಅಂಗಡಿಯವರ ತಮ್ಮ, ಯಾರಿಗೂ ಬೇಡವಾದವನು, ಹಗಲು ಹೊತ್ತಿನಲ್ಲೇ ಸಂತೆ ಮೈದಾನದ ಮೇಲಿನಿಂದ ತೇಲಿ ಹೋದದ್ದನ್ನು ನಾವೆಲ್ಲ ನೋಡಿದ್ದೆವು. ಇವತ್ತಿಗೂ ಅವನು ಎಲ್ಲಿ ಇಳಿದ ಎಂಬ ಸುದ್ದಿಯಿಲ್ಲ.

ಅವತ್ತು ಸಂಜೆಯೇ ಬಾಗಿಲು ಹಾಕಿಕೊಂಡು, ಯೋಗೀಶನ ಆಟೋದಲ್ಲಿದ್ದ ಕೊಕ್ಕೆ ತಕ್ಕಡಿಯನ್ನು ತೊಲೆಗೆ ನೇತುಹಾಕಿ, ಸೀರೆಯ ಜೋಲಿಯಲ್ಲಿ ಯಜಮಾನರನ್ನು ಕೂರಿಸಿ ತೂಗಿದೆವು. ಒಂಬತ್ತು ಕೆಜಿ. ಎರಡು ವರ್ಷದ ಮಗುವಿನ ತೂಕಕ್ಕೂ ಕಡಿಮೆ. ದಾಕ್ಷಾಯಣಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಯೋಗೀಶ ಮುಳ್ಳು ಸರಿಯಿಲ್ಲ ಎಂದು ಎರಡು ಸಲ ತಟ್ಟಿ ನೋಡಿದ. ಜೋಲಿಯಲ್ಲಿ ಕೂತವರು ಮಾತ್ರ, ತಮ್ಮಿಂದ ಎಲ್ಲರಿಗೂ ತೊಂದರೆಯಾಯಿತು ಎನ್ನುವ ಮುಖ ಮಾಡಿಕೊಂಡು ಕಾಲು ಮಡಚಿಕೊಂಡಿದ್ದರು.

ಮಾರನೆಯ ಬೆಳಿಗ್ಗೆ ಮೂವರೂ ಶುರುಮಾಡಿದೆವು. ಯೋಗೀಶ ಎಂದೂ ಅಪ್ಪನ ಎದುರು ನಿಂತು ನಾಲ್ಕು ಮಾತಾಡಿದವನಲ್ಲ. ನೆಲ ನೋಡುತ್ತಾ ನಮ್ಮಪ್ಪ ಓದಿಸಿದರು, ಆಟೋ ಕೊಡಿಸಿದರು ಎಂದ. ಕಾಲು ಕೆಜಿ ಏರಿತು. ದಾಕ್ಷಾಯಣಿ ಚಿಕ್ಕಂದಿನಲ್ಲಿ ತನ್ನ ಗೊಂಬೆಗೆಲ್ಲ ಅಪ್ಪ ಲಂಗ ಹೊಲಿದುಕೊಟ್ಟದ್ದನ್ನು ಹೇಳಿ ಗಳಗಳ ಅತ್ತಳು. ಅರ್ಧ ಕೆಜಿ ಏರಿತು, ಸಂಜೆಗೆ ಇಳಿದುಹೋಯಿತು. ಆಮೇಲೆ ನನ್ನ ಸರದಿ. ಇಪ್ಪತ್ತಾರು ವರ್ಷದಲ್ಲಿ ನುಡಿಯದ ಹೆಸರು. ಶಾಸ್ತ್ರ ಸಂಪ್ರದಾಯ ಎಲ್ಲ ಹಾಳಾಗಿ ಹೋಗಲಿ, ಮನುಷ್ಯ ಉಳಿದರೆ ಸಾಕು ಎಂದುಕೊಂಡು ಗುರುಸಿದ್ದಯ್ಯ ಎಂದೆ. ಮಕ್ಕಳಿಬ್ಬರೂ ತಲೆ ಎತ್ತಿ ನನ್ನನ್ನೇ ನೋಡಿದರು. ಯಜಮಾನರ ಕಿವಿ ಕೆಂಪಗಾಯಿತು. ನಾನು ನಿಲ್ಲಿಸದೆ, ನನಗೆ ಗೊತ್ತಿದ್ದ ಒಳ್ಳೊಳ್ಳೆಯ ಮಾತನ್ನೆಲ್ಲ ಪೋಣಿಸಿ ಪೋಣಿಸಿ ಹೇಳಿದೆ. ನೆರಳಾದಿರಿ, ಊರುಗೋಲಾದಿರಿ, ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಲಿಲ್ಲ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ನನಗೇ ಜ್ಞಾಪಕ ಬಂತು, ಈ ಮಾತುಗಳನ್ನೆಲ್ಲ ನಾನು ಜಯಶೀಲಮ್ಮನ ಮಾವನಿಗೆಂದು ಕಟ್ಟಿಕೊಟ್ಟದ್ದು.

ಹೊಸ ಮಾತು ಹುಡುಕಿದೆ. ಪಾತ್ರೆ ತಿಕ್ಕುವಾಗ, ಸೊಪ್ಪು ಸೋಸುವಾಗ, ದೇವರ ಮುಂದೆ ಕೈಮುಗಿದಾಗಲೂ ಅದೇ. ಒಂದೊಂದು ಸಲ ನಿಜವಾಗಿಯೂ ಒಳ್ಳೆಯದೇ ಹೊಳೆಯುತ್ತಿತ್ತು. ಓಡಿ ಹೋಗಿ ಹೇಳಿ, ಜೋಲಿಗೆ ಕೂರಿಸಿ ನೋಡುತ್ತಿದ್ದೆ. ಒಂಬತ್ತು. ಒಂಬತ್ತೂ ಕಾಲು. ಮತ್ತೆ ಒಂಬತ್ತು. ಐದನೆಯ ದಿನಕ್ಕೆ ಎಂಟೂವರೆ ಆಯಿತು. ಹಾಲು ಉಕ್ಕಿ ಹೋದದ್ದೂ ಗೊತ್ತಾಗುತ್ತಿರಲಿಲ್ಲ ನನಗೆ. ಬಾಗಿಲ ಪರದೆ ಸ್ವಲ್ಪ ಅಲುಗಿದರೂ ಗಾಳಿ ಶುರುವಾಯಿತೇನೋ ಎಂದು ಹೊರಗೆ ಹೋಗಿ ಬೇವಿನ ಮರದ ತುದಿ ನೋಡಿಕೊಂಡು ಬರುತ್ತಿದ್ದೆ. ನೆನಕೆ ಕೇಳಲು ಬಂದವರನ್ನು ತಲೆನೋವು ಎಂದು ಬಾಗಿಲಿನಿಂದಲೇ ಕಳಿಸಿದೆ.

ಕೊನೆಗೆ ಹಗ್ಗದ ಅಂಗಡಿಗೆ ಹೋದೆ. ಅಂಗಡಿಯ ಮುದ್ದವೀರಮ್ಮನಿಗೆ ಎಂಬತ್ತು ದಾಟಿದೆ. ಬಟ್ಟೆ ಒಣಗಿಸಲು ಹಗ್ಗ ಬೇಕು ಎಂದೆ. ಆಕೆ ನನ್ನ ಮುಖ ನೋಡಿ, ಬಟ್ಟೆಯ ಹಗ್ಗ ಬಿಟ್ಟು, ದಪ್ಪನೆಯ ಸೆಣಬಿನದನ್ನು, ಮನುಷ್ಯರ ಸೊಂಟಕ್ಕೆ ಕಟ್ಟುವಂಥದ್ದನ್ನು ಅಳೆಯತೊಡಗಿದಳು. ಮುಚ್ಚಿಟ್ಟು ಏನು ಪ್ರಯೋಜನ? ಎಲ್ಲ ಹೇಳಿಬಿಟ್ಟೆ.

"ಹೆದರಿಕೊಂಡು ಹೇಳಿದ್ದು ಬೇಡಿಕೆ ಕಣವ್ವ, ನೆನಕೆ ಅಲ್ಲ," ಎಂದಳು. "ನೀನು ಹೇಳ್ತಿರೋದು ನಿಮ್ಮ ಯಜಮಾನ್ರಿಗಲ್ಲ, ಆ ತಕ್ಕಡಿಗೆ."

"ಹಂಗಾದ್ರೆ ಈ ಹೆದರಿಕೆ ಬಿಡೋದು ಹೆಂಗಮ್ಮ?"

"ಅದು ನನ್ನ ಅಂಗಡೀಲಿ ಸಿಗೋ ಸಾಮಾನಲ್ಲ," ಎಂದು ಮುದುಕಿ ಹಗ್ಗದ ತುದಿಗೆ ಗಂಟು ಹಾಕಿ ಕೊಟ್ಟಳು.

ಮನೆಯ ಕಂಬಕ್ಕೆ ಕಟ್ಟಿಹಾಕೋಣ ಎಂದರೆ ಯಜಮಾನರು ಒಪ್ಪಲಿಲ್ಲ. ಶಾಲೆ ಶುರುವಾಗಿದೆ, ನಲವತ್ತು ಮಕ್ಕಳ ಯೂನಿಫಾರಂ ಒಪ್ಪಿಕೊಂಡಿದ್ದೇನೆ, ಹಳೆ ಬಟ್ಟೆಯಲ್ಲಿ ಬಂದವರನ್ನು ಹೆಡ್‌ಮಾಸ್ತರು ಹೊರಗೆ ನಿಲ್ಲಿಸುತ್ತಾರೆ ಎಂದರು. ಗಾಳಿ ಶುರುವಾಗುವ ಮುಂಚೆ ಮುಗಿಸಿಬಿಟ್ಟರೆ ಆಮೇಲೆ ಎಲ್ಲಿ ಬೇಕಾದರೂ ಕಟ್ಟು ಎಂದರು. ಕಬ್ಬಿಣದ ಅಂಗಿ ತೊಟ್ಟು, ಎರಡೂ ಜೇಬಿಗೆ ಗುಂಡುಕಲ್ಲು ತುಂಬಿಕೊಂಡು ಹೊರಟರು. ಸಂಜೆ ಬಂದು ಅಂಗಿ ಬಿಚ್ಚಿದಾಗ ನೋಡಿದೆ. ವಾಷರುಗಳು ಉಜ್ಜಿ ಉಜ್ಜಿ ಸೊಂಟದ ಸುತ್ತ, ಹೆಗಲ ಮೇಲೆ ಚರ್ಮ ಕಿತ್ತುಬಂದಿತ್ತು. ಎಂಟು ತಿಂಗಳಿನಿಂದ ಹೀಗೇ ಇತ್ತಂತೆ. ಕೊಬ್ಬರಿ ಎಣ್ಣೆ ಹಚ್ಚುತ್ತಾ ಹಚ್ಚುತ್ತಾ ಬಾಯಿಗೆ ಬಂದದ್ದೆಲ್ಲ ಬೈದೆ. ಹುಣ್ಣಾಗಿದ್ದು ಬಾಯಿಗಲ್ಲವಲ್ಲ, ಹೇಳೋಕೇನಾಗಿತ್ತು ಎಂದೆ. ಗೋಡೆಯ ಕಡೆ ಮುಖಮಾಡಿ ಕೂತು, ಎಣ್ಣೆ ತಣ್ಣಗಿದೆ ಎಂದಷ್ಟೇ ಹೇಳಿದರು. ಆ ಗಾಯ ನೋಡಲಾರದೆ ನಾನು ಅಂಗಿಗಳ ಅಂಚೆಲ್ಲ ಬಿಚ್ಚಿ, ಕಬ್ಬಿಣವನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿ ಮತ್ತೆ ಹೊಲಿಯಲು ಕೂತೆ. ಒಂದು ಅಂಗಿ ಮುಗಿಯಿತು. ಇನ್ನೊಂದನ್ನು ಬರಿದು ಮಾಡಿ ಎರಡನ್ನೂ ಗೂಟಕ್ಕೆ ನೇತುಹಾಕಿದೆ, ಬೆಳಿಗ್ಗೆ ಹೊಲಿದರಾಯಿತೆಂದು.

ಗಾಳಿ ಎರಡು ದಿನ ಮುಂಚೆಯೇ ಬಂತು. ಮಾರನೆಯ ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಬೇವಿನ ಮರ ಒಮ್ಮೆಲೇ ಬಗ್ಗಿತು, ಹಿತ್ತಲ ಬಾಗಿಲು ಧಡಾರೆಂದು ಹೊಡೆದುಕೊಂಡಿತು. ಬೀದಿಯಲ್ಲೆಲ್ಲ ಹಿಡೀರೋ, ಕಟ್ಟರೋ ಎನ್ನುವ ಗಲಾಟೆ. ನಾನು ಗೂಟದ ಕಡೆ ತಿರುಗಿ ನೋಡಿದೆ. ಅಲ್ಲಿ ನೇತಾಡುತ್ತಿದ್ದದ್ದು ಕಬ್ಬಿಣದ ಅಂಗಿ. ಬರಿದು ಮಾಡಿದ್ದನ್ನು ತೊಟ್ಟುಕೊಂಡು ಹೋಗಿದ್ದರು. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಮತ್ತೆ ಅದೇ ತಪ್ಪು.

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಹಗ್ಗ ತೆಗೆದುಕೊಳ್ಳಬೇಕೆಂಬುದೂ ಹೊಳೆಯಲಿಲ್ಲ. ಯಾರನ್ನು ಕೂಗಿದರೂ ಪ್ರಯೋಜನವಿರಲಿಲ್ಲ, ಎಲ್ಲರ ಕೈಯಲ್ಲೂ ಅವರವರ ಏಣಿ, ತೊಟ್ಟಿಲು, ತಗಡು. ಶಾಲೆಯ ತಿರುವಿನಲ್ಲಿ ಕಂಡರು. ಲೈಟು ಕಂಬವನ್ನು ಒಂದೇ ಕೈಯಲ್ಲಿ ತಬ್ಬಿಕೊಂಡಿದ್ದರು, ಇನ್ನೊಂದರಲ್ಲಿ ಯೂನಿಫಾರಂ ಗಂಟು. ಎರಡೂ ಕಾಲು ನೆಲ ಬಿಟ್ಟು, ತಂತಿಯ ಮೇಲಿನ ಪಂಚೆಯ ಹಾಗೆ ಪಟಪಟ ಅಡ್ಡ ಹಾರುತ್ತಿದ್ದವು. ಜೇಬಿನ ಕಲ್ಲುಗಳೆಲ್ಲ ರಸ್ತೆಯಲ್ಲಿ ಬಿದ್ದಿದ್ದವು. ಗಂಟು ಬಿಡ್ರೀ, ಎರಡೂ ಕೈಯಲ್ಲಿ ಹಿಡ್ಕೊಳ್ರೀ ಎಂದು ಕಿರುಚಿದೆ. ಬಿಡಲಿಲ್ಲ. ನಲವತ್ತು ಮಕ್ಕಳದ್ದು ಎಂದರು. ಅಷ್ಟರಲ್ಲಿ ಕಂಬದ ಮೇಲಿನ ಕೈ ಜಾರಿತು.

ಹಾರಿ ಅವರ ಮಣಿಕಟ್ಟು ಹಿಡಿದೆ. ಗಾಳಿ ಅವರನ್ನು ನನ್ನ ತಲೆಯ ಮೇಲಕ್ಕೆ ಎತ್ತಿತು. ಮುಗಿಯಿತು, ಇಬ್ಬರೂ ಹೋದೆವು ಎಂದುಕೊಂಡು ಕಣ್ಣು ಮುಚ್ಚಿದೆ. ಹೋದರೆ ಹೋಗಲಿ, ಒಟ್ಟಿಗೇ ಹೋಗೋಣ ಎಂದೂ ಅನ್ನಿಸಿತು. ಗಾಳಿ ಮತ್ತೆ ಎಳೆಯಿತು, ಮತ್ತೆ ಮತ್ತೆ ಎಳೆಯಿತು. ಭುಜ ಕಿತ್ತುಹೋಗುವ ಹಾಗೆ ಆಯಿತು. ಆದರೆ ನನ್ನ ಕಾಲು ನೆಲ ಬಿಡಲೇ ಇಲ್ಲ. ಕಣ್ಣು ಬಿಟ್ಟು ನೋಡಿಕೊಂಡೆ. ಪಾದ ಎರಡೂ ಮಣ್ಣಿನಲ್ಲಿ ಹೂತ ಹಾಗೆ ಕೂತಿದ್ದವು. ಪಕ್ಕದಲ್ಲೇ ಯಾರದೋ ಸೈಕಲ್ಲು ಮಗುಚಿ ಮಗುಚಿ ಉರುಳಿಹೋಯಿತು. ನನ್ನದು ಸೆರಗೊಂದು ಬಿಟ್ಟು ಏನೂ ಅಲ್ಲಾಡಲಿಲ್ಲ.

ನನ್ನನ್ನು ಯಾರು ನೆನೆಯುತ್ತಿದ್ದಾರೆ? ಆ ಗಾಳಿಯ ನಡುವೆ ನಿಂತು ಆ ಯೋಚನೆ ಬಂತು. ನನ್ನ ಹೆಸರೂ ಅತ್ತೆಯ ಚೀಟಿಯಲ್ಲಿರಲಿಲ್ಲ. ನಾನು ಹಂಚಿದ ಯಾರ ಪಾಲಿನಲ್ಲೂ ಇರಲಿಲ್ಲ. ನನ್ನನ್ನು ಹೆತ್ತಮ್ಮ ತೀರಿಕೊಂಡು ಹನ್ನೆರಡು ವರ್ಷ. ಹನ್ನೆರಡು ವರ್ಷದಿಂದ ಯಾರೂ ನೆನೆಯದಿದ್ದರೆ ನಾನು ಯಾವತ್ತೋ ಮೋಡದಲ್ಲಿರಬೇಕಿತ್ತು. ಅಷ್ಟು ಜನರ ಒಲೆಗೆ, ದೇವರಿಗೆ, ಮಾವನಿಗೆ ಮಾತು ಕಟ್ಟಿಕೊಟ್ಟವಳು, ನನ್ನನ್ನು ನೆಲದ ಮೇಲೆ ಹಿಡಿದಿಟ್ಟದ್ದು ಯಾರ ಮಾತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ತಲೆ ಎತ್ತಿ ಅವರನ್ನು ನೋಡಿದೆ. "ನೀವೇನ್ರೀ?" ಎಂದೆ.

ಅವರಿಗೆ ಪ್ರಶ್ನೆ ಬಿಡಿಸಿ ಹೇಳಬೇಕಾಗಲಿಲ್ಲ. ಮುಖ ಆಚೆ ತಿರುಗಿಸಿಕೊಂಡರು. ಹಾಗೆ ಮೇಲೆ ತೇಲುತ್ತಿರುವಾಗಲೂ ಆ ಮನುಷ್ಯನಿಗೆ ನಾಚಿಕೆ.

"ಅಂಗಡಿ ಬಾಗಿಲು ತೆಗೆದ ತಕ್ಷಣ," ಎಂದರು. "ಮದುವೆಯಾದಾಗಿಂದ ದಿನಾ."

"ಇವತ್ತು ಏನಂದ್ರಿ?"

"ಬಿಡೇ ಈಗ."

"ಹೇಳ್ರೀ."

ಗಾಳಿಗೆ ಅರ್ಧ ಮಾತು ಹಾರಿಹೋಯಿತು, ಅರ್ಧ ಕೇಳಿಸಿತು. "ಬೈದ್ಯಲ್ಲ ರಾತ್ರಿ... ಎಣ್ಣೆ ಹಚ್ಚುವಾಗ. ಬಾಯಿ ಬೈತಾ ಇತ್ತು, ಕೈ ಮಾತ್ರ ಎಲ್ಲೂ ನೋಯಿಸಲಿಲ್ಲ. ಅದನ್ನ ಹೇಳ್ದೆ."

ನನ್ನ ಬಾಯಿ ಕಟ್ಟಿತು. ಮಾತು ಕಟ್ಟಿಕೊಡುವುದೇ ಕಸುಬಾದ ನನ್ನ ಬಾಯಿ. ಇಪ್ಪತ್ತಾರು ವರ್ಷ, ದಿನಕ್ಕೊಂದು, ಅದೂ ಒಂದು ಸಲ ಹೇಳಿದ್ದನ್ನು ಮತ್ತೊಂದು ಸಲ ಹೇಳದೆ. ಮಾತೇ ಬಾರದವರು ಎಂದು ನಾನು ನೂರು ಸಲ ಆಡಿಕೊಂಡ ಮನುಷ್ಯ. ಒಂದು ಗಳಿಗೆ ಗಾಳಿ ಮರೆತುಹೋಯಿತು, ತಕ್ಕಡಿ ಮರೆತುಹೋಯಿತು, ಶಾಲೆಯ ಕಿಟಕಿಗಳಲ್ಲಿ ಸಾಲಾಗಿ ಇಣುಕುತ್ತಿದ್ದ ಮಕ್ಕಳೂ ಕಾಣಲಿಲ್ಲ.

"ಗುರುಸಿದ್ದಯ್ಯನೋರೇ," ಎಂದೆ. ಮುಂದೆ ಏನೂ ಬರಲಿಲ್ಲ. ಅತ್ತುಬಿಟ್ಟೆ, ಅಷ್ಟೆ.

ಮೊದಲು ಅವರ ಕೈ ಭಾರವಾಯಿತು. ಆಮೇಲೆ ತೋಳು. ಹೊಲಿಗೆ ಮಿಷನ್ನು ತುಳಿದು ತುಳಿದು ಒರಟಾದ ಹಿಮ್ಮಡಿ ಮೆಲ್ಲಗೆ ಇಳಿದು ನನ್ನ ಪಾದದ ಪಕ್ಕದಲ್ಲಿ ಮಣ್ಣು ಮುಟ್ಟಿತು. ಇನ್ನೊಂದು ಕಾಲೂ ಇಳಿಯಿತು. ಗಂಟು ಕಂಕುಳಲ್ಲೇ ಇತ್ತು. ಒಂದು ಸಲ ನೆಲವನ್ನು ಒತ್ತಿ ನೋಡಿಕೊಂಡರು, ಹೊಸ ಚಪ್ಪಲಿ ಮೆಟ್ಟಿ ನೋಡುವ ಹಾಗೆ. ಗಾಳಿ ಇನ್ನೂ ಬೀಸುತ್ತಲೇ ಇತ್ತು.

"ನೆಲ ಸಿಕ್ತು, ಕೈ ಬಿಡು," ಎಂದರು. "ಜನ ನೋಡ್ತಾ ಇದ್ದಾರೆ."

ನಾನು ಬಿಡಲಿಲ್ಲ.